ಮದುವೆ ಮೇಣ, ಕಾಯಿಲೆ ಮೇಣ

ನಮ್ಮ ಮನೆಗೆ ನಗುತ್ತ ಬಂದವರನ್ನು ನಾನು ಕಂಡಿದ್ದು ಕಡಿಮೆ. ತಿರುಮಕೂಡಲು ನರಸೀಪುರದಲ್ಲಿ ಹೊಳೆಗೆ ಇಳಿಯುವ ಬೀದಿಯಲ್ಲಿತ್ತು ಆ ಮನೆ. ಹೊಸ್ತಿಲು ದಾಟಿದರೆ ಪಡಸಾಲೆ, ಅದರಾಚೆ ಹಗಲಲ್ಲೂ ತಡಕಾಡಬೇಕಾದ ನಡುಮನೆ, ಆಮೇಲೆ ಅಡಿಗೆಮನೆ, ಅದರ ಬೆನ್ನಿಗೆ ಹಿತ್ತಲು. ಹಿತ್ತಲಲ್ಲಿ ಅಪ್ಪನ ಕುಲುಮೆ. ಅಪ್ಪ ಬೆಳ್ಳಿ ಎರಕದವನು. ಆದರೆ ಬಂದವರು ಯಾರೂ ಕುಲುಮೆಯವರೆಗೆ ಹೋಗುತ್ತಿರಲಿಲ್ಲ. ಪಡಸಾಲೆಯಲ್ಲಿ ಮಣೆ ಇಟ್ಟುಕೊಂಡು ಮೇಣ ತಿದ್ದುತ್ತಿದ್ದ ಅವ್ವನ ಎದುರಿಗೇ ಕೂತು ತಮ್ಮ ನೋವು ಬಿಚ್ಚುತ್ತಿದ್ದರು. ನಂಜನಗೂಡಿನ ನಂಜುಂಡಪ್ಪ ರೋಗ ವಾಸಿಮಾಡುವ ದೇವರು. ಮಂಡಿ ನೋವು ಹೋದರೆ ಬೆಳ್ಳಿ ಕಾಲು, ದೃಷ್ಟಿ ಮರಳಿದರೆ ಬೆಳ್ಳಿ ಕಣ್ಣು, ಮಗುವಾದರೆ ಬೆಳ್ಳಿ ತೊಟ್ಟಿಲು ಎಂದು ಜನ ಹರಕೆ ಹೊರುತ್ತಿದ್ದರು. ಗುಡಿಯ ಮುಂದಿನ ಅಂಗಡಿಗಳಲ್ಲಿ ತಗಡಿನಲ್ಲಿ ಒತ್ತಿದ ಕಾಲು ಕಣ್ಣು ಬೇಕಾದಷ್ಟು ಸಿಗುತ್ತಿದ್ದವು. ಅದು ಸಾಲದು, ತಮ್ಮ ನೋವಿಗೆ ತಕ್ಕ ಕಾಲೇ ಬೇಕು ಎನ್ನುವವರು ನಮ್ಮಲ್ಲಿಗೆ ಬರುತ್ತಿದ್ದರು. ವಾಸಿಯಾದ ಮೇಲೆ ಒಪ್ಪಿಸುವುದು ಹರಕೆಯ ಕ್ರಮ. ಆದರೂ ಮೊದಲೇ ಮಾಡಿಸಿ ದೇವರ ಮುಂದೆ ಹಿಡಿದು, ನೆನಪಿರಲಿ ಎಂದು ಬೆದರಿಸುವವರೂ ಇದ್ದರು.

"ಎಲ್ಲವ್ವ ನೋವು?" ಎಂದು ಅವ್ವ ಕೇಳುತ್ತಿದ್ದಳು.

"ಇಲ್ಲೇ ಕಣವ್ವ, ಚಿಪ್ಪಿನ ಕೆಳ್ಗೆ. ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ."

"ಯಾವಾಗ್ನಿಂದ?"

"ನಮ್ಮತ್ತೆ ಸತ್ತಾಗ್ನಿಂದ."

ಹಾಗೆ ಶುರುವಾದ ಮಾತು ಮಂಡಿಯಲ್ಲಿ ನಿಲ್ಲುತ್ತಿರಲಿಲ್ಲ. ಅತ್ತೆಯಿಂದ ಗಂಡ, ಗಂಡನಿಂದ ಮೈದುನ, ಮೈದುನನಿಂದ ಬಾವಿಕಟ್ಟೆಯ ಜಗಳ, ಎಲ್ಲವೂ ಬರುತ್ತಿತ್ತು. ಅವ್ವ ನಡುವೆ ಬಾಯಿ ಹಾಕುತ್ತಿರಲಿಲ್ಲ. ಕೇಳಿ ಮುಗಿಸಿ, ಬೆರಳುದ್ದದ ಮೇಣದ ಕಾಲು ತಿದ್ದಿ, ನೋವಿದೆ ಎಂದ ಜಾಗದಲ್ಲಿ ಉಗುರಿನಿಂದ ಒಂದು ಗೀರು ಒತ್ತುತ್ತಿದ್ದಳು. ಆ ಗೀರು ಬೆಳ್ಳಿಯಲ್ಲೂ ಹಾಗೇ ಬರುತ್ತಿತ್ತು. ದೇವರಿಗೆ ಹುಡುಕುವ ಕೆಲಸ ತಪ್ಪಲಿ ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಮನೆಯ ಕಟ್ಟುಪಾಡೆಲ್ಲ ಅವಳ ಬಾಯಲ್ಲೇ ಇತ್ತು.

ಕಾಲು ತಿದ್ದುವುದಕ್ಕೆ ಎದುರಿಗೆ ಒಂದು ಕಾಲು ಬೇಕು. ಆ ಕಾಲು ನನ್ನದು. ಕೈಯೂ ನನ್ನದು, ಕಿವಿಯೂ ನನ್ನದು. ಆಡುತ್ತಿದ್ದರೂ ಉಣ್ಣುತ್ತಿದ್ದರೂ ಅವ್ವ ಕರೆಯುತ್ತಿದ್ದಳು, ನಾನು ಹೋಗಿ ಕಾಲು ನೀಡಿಕೊಂಡು ಕೂರಬೇಕಿತ್ತು. ಬಂದ ಹೆಂಗಸು ಒಮ್ಮೆ ನನ್ನ ಕಾಲು ನೋಡುತ್ತಿದ್ದಳು, ಒಮ್ಮೆ ತನ್ನ ಕಾಲು ನೋಡಿಕೊಂಡು ನಿಟ್ಟುಸಿರು ಬಿಡುತ್ತಿದ್ದಳು. ಊರಿನವರ ಕಾಯಿಲೆಯೆಲ್ಲ ನನ್ನ ಮೈಮೇಲೆ ಹಾದು ಹೋಗುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಶಾಲೆಯಲ್ಲಿ ಓಡುವಾಗ ಕಾಲು ಉಳುಕಿದರೆ, ಇದು ಯಾರ ನೋವಿರಬಹುದು ಎಂದು ಯೋಚಿಸುತ್ತಿದ್ದೆ. ಇವತ್ತಿಗೂ ಯಾರಾದರೂ ನನ್ನ ಕಾಲನ್ನು ಸುಮ್ಮನೆ ನೋಡಿದರೆ ಸೀರೆ ಕೆಳಗೆಳೆದುಕೊಳ್ಳುತ್ತೇನೆ. ಮುಂದೆ ನಾನು ಸೇರಿದ ಕೆಲಸವೂ ಆಸ್ಪತ್ರೆಯಲ್ಲಿ ಚೀಟಿ ಬರೆಯುವುದು. ಕಿಟಕಿಯ ಈಚೆ ಕೂತು, ಎಲ್ಲಿ ನೋವು, ಯಾವಾಗಿನಿಂದ ಎಂದು ಕೇಳುತ್ತಲೇ ನಿವೃತ್ತಿಯಾದೆ. ಈಗ ಬಸ್ಸಿನಲ್ಲಿ ಪಕ್ಕ ಕೂತವರು ಕೂಡ ಕೇಳದೆಯೇ ತಮ್ಮ ಸಕ್ಕರೆ ಕಾಯಿಲೆಯ ಕಥೆ ತೆಗೆಯುತ್ತಾರೆ. ನನ್ನ ಮುಖದಲ್ಲಿ ಅವ್ವನ ಪಡಸಾಲೆ ಕಾಣುತ್ತದೋ ಏನೋ. ಕೇಳಿ ಕೇಳಿ ನನಗೆ ಸುಸ್ತಾಗಿದೆ.

ಎರಕದ ಕೆಲಸ ಹೊರಗಿನಿಂದ ನೋಡಿದರೆ ಸುಲಭ. ಜೇನುಮೇಣಕ್ಕೆ ರಾಳದ ಪುಡಿ, ಸ್ವಲ್ಪ ಎಣ್ಣೆ ಸೇರಿಸಿ ಹದ ಮಾಡಿದರೆ ತಿದ್ದಿದ ಹಾಗೆ ಬಾಗುತ್ತದೆ. ಅವ್ವ ಒಡವೆಯನ್ನು ಮೊದಲು ಮೇಣದಲ್ಲಿ ತಿದ್ದುತ್ತಿದ್ದಳು. ಹೊಳೆಯ ನುಣ್ಣನೆಯ ಮೆಕ್ಕಲಿಗೆ ಇದ್ದಿಲ ಪುಡಿ, ಸಗಣಿ ನೀರು ಕಲಸಿ ಅದರ ಮೇಲೆ ತೆಳ್ಳಗೆ ಬಳಿಯುವುದು, ನೆರಳಲ್ಲಿ ಒಣಗಿಸುವುದು, ಮೇಲೆ ಹುತ್ತದ ಮಣ್ಣಿನ ದಪ್ಪ ಹೊದಿಕೆ ಕೊಡುವುದು. ಈ ಮಣ್ಣಿನ ಕೆಲಸ ರುಕ್ಮಣಿ ಅತ್ತೆಯದು. ಅವಳು ಅಪ್ಪನ ತಂಗಿ, ಇನ್ನೂ ಮದುವೆಯಾಗಿರಲಿಲ್ಲ. ಒಣಗಿದ ಮಣ್ಣುಂಡೆಯನ್ನು ಅಪ್ಪ ಕೆಂಡದ ಅಂಚಿನಲ್ಲಿ ಬೋರಲು ಹಿಡಿದರೆ ಒಳಗಿನ ಮೇಣ ಕರಗಿ, ಕೆಳಗಿಟ್ಟ ನೀರಿನ ಬೋಗುಣಿಗೆ ಇಳಿಯುತ್ತಿತ್ತು. ಮೇಣ ಬಿಟ್ಟುಹೋದ ಜಾಗಕ್ಕೆ ಮೂಸೆಯಲ್ಲಿ ಕರಗಿದ ಬೆಳ್ಳಿ. ಆರಿದ ಮೇಲೆ ಮಣ್ಣು ಒಡೆದರೆ ಒಡವೆ. ಮಣ್ಣು ಒಡೆದೇ ತೀರಬೇಕಾದ್ದರಿಂದ ಒಂದು ಅಚ್ಚಿಗೆ ಒಂದೇ ಒಡವೆ. ಮತ್ತೊಂದು ಬೇಕೆಂದರೆ ಅವ್ವ ಮತ್ತೆ ಮೊದಲಿನಿಂದ ಕೂರಬೇಕು. ಬೆಳ್ಳಿ ಅಪ್ಪನದಾಯಿತು, ಒಡವೆ ಕೊಂಡವರದಾಯಿತು. ನೀರಿನ ಮೇಲೆ ತೇಲುವ ಮೇಣವಷ್ಟೇ ಅವ್ವನ ಪಾಲು. ಅದನ್ನು ಬಳಿದುಕೊಂಡು ಮತ್ತೆ ಪಡಸಾಲೆಗೆ ಬರುತ್ತಿದ್ದಳು.

ಆ ಮೇಣದಲ್ಲಿ ಎರಡು ಜಾತಿ ಮಾಡಿದ್ದಳು ಅಜ್ಜಿ. ಕಾಲುಂಗುರ, ಕಡಗ, ಉಡಿದಾರಕ್ಕೆ ಬೇರೆ, ಹರಕೆಯ ಕಾಲು ಕಣ್ಣುಗಳಿಗೆ ಬೇರೆ. ಕಾಯಿಲೆಯವರ ಮಾತೆಲ್ಲ ಕೇಳಿಸಿಕೊಂಡ ಮೇಣ ಮದುವೆ ಹೆಣ್ಣಿನ ಕಾಲಿಗೆ ಹೋಗಬಾರದು ಎನ್ನುವುದು ಅವಳ ಲೆಕ್ಕ. ಮಸಿ ಹಿಡಿದ ಮೇಲೆ ಎರಡೂ ಮುದ್ದೆಗಳು ಒಂದೇ ಬಣ್ಣ. ಅದಕ್ಕೇ ಕಾಯಿಲೆ ಮೇಣವನ್ನು ಬೇವಿನೆಣ್ಣೆಯಲ್ಲೂ ಮದುವೆ ಮೇಣವನ್ನು ಹರಳೆಣ್ಣೆಯಲ್ಲೂ ಹದ ಮಾಡುತ್ತಿದ್ದರು. ಕಾಯಿಲೆಯದು ಅಡಿಗೆಮನೆಯ ಮೂಲೆಯ ಕುಡಿಕೆಯಲ್ಲಿ ಇರುತ್ತಿತ್ತು, ಮದುವೆಯದು ದೇವರ ಗೂಡಿನ ಹಿತ್ತಾಳೆ ಭರಣಿಯಲ್ಲಿ. ಮದುವೆ ಕೆಲಸ ಇದ್ದ ದಿನ ಅವ್ವ ಸೀಗೆಪುಡಿ ಹಾಕಿ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದಳು. ನನಗೆ ಆ ದಿನಗಳೆಂದರೆ ಇಷ್ಟ. ಯಾರೂ ಅಳುತ್ತಿರಲಿಲ್ಲ, ನನ್ನ ಕಾಲು ಯಾರಿಗೂ ಬೇಕಿರಲಿಲ್ಲ, ಅವ್ವ ಕಲಸಿ ಕೊಡುವ ಕೈತುತ್ತು ಕಹಿ ಇರುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಎಷ್ಟು ತೊಳೆದರೂ ಅವಳ ಬೆರಳಿನಿಂದ ಬೇವು ಬಿಡುತ್ತಿರಲಿಲ್ಲ, ಬಸ್ಸಾರಿಗೂ ಬೇವಿನ ರುಚಿಯೇ.

ರುಕ್ಮಣಿ ಅತ್ತೆಗೆ ಕವಲಂದೆಯಿಂದ ಸಂಬಂಧ ಬಂತು. ಅವರದೂ ನಮ್ಮದೇ ಕಸುಬಿನ ಮನೆ. ಗಂಡಿಗೆ ಮೊದಲ ಹೆಂಡತಿ ತೀರಿಹೋಗಿದ್ದಳು. ಹೆಣ್ಣು ನೋಡಲು ಬಂದ ದಿನ ಅವನು ಅತ್ತೆಯ ಮುಖ ಬಿಟ್ಟು ಅವಳ ಕೈಬೆರಳುಗಳನ್ನೇ ನೋಡಿದನಂತೆ, ಮಣ್ಣು ಬಳಿಯುವ ಕೈ ಹೇಗಿದೆ ಎಂದು. ಅವನ ತಾಯಿ ನಮ್ಮ ಮನೆಯ ಕೆಲಸ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದೆಲ್ಲ ಕೇಳಿಕೊಂಡು ಹೋದಳಂತೆ. ಅವರು ಹೋದ ಮೇಲೆ ಅಡಿಗೆಮನೆಯಲ್ಲಿ ನಡೆದದ್ದನ್ನು ನಾನೇ ಕಂಡೆ. ಅತ್ತೆ ಮುದ್ದೆ ತಿರುವುತ್ತ, ತಲೆ ಎತ್ತದೆ ಅಜ್ಜಿಗೆ ಹೇಳಿದಳು.

"ಅವ್ವ, ನಂಗೆ ಬ್ಯಾಡ."

"ಏನು ಬ್ಯಾಡ?"

"ಆ ಮನೆ."

ಅಜ್ಜಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾದಕ್ಕಾದರೂ ಜಾಗ ಇರುತ್ತಿತ್ತು.

"ನಿನ್ನ ಯಾರು ಕೇಳುದ್ರು? ಮುದ್ದೆ ತಳ ಹಿಡೀತದೆ, ನೋಡ್ಕೊ," ಎಂದಳು.

ಅವ್ವ ಅಲ್ಲೇ ಸೊಪ್ಪು ಸೋಸುತ್ತಿದ್ದಳು. ಅತ್ತೆ ಒಮ್ಮೆ ಅವಳ ಕಡೆ ನೋಡಿದಳು. ಅತ್ತಿಗೆ ತನ್ನ ಪರವಾಗಿ ಒಂದು ಮಾತಾಡಲಿ ಎಂದು ಕಾದಳೆಂದು ಈಗ ಅನ್ನಿಸುತ್ತದೆ. ಅವ್ವ ಸೊಪ್ಪಿನಿಂದ ಕಣ್ಣು ತೆಗೆಯಲಿಲ್ಲ. ಆ ಮನೆಯಲ್ಲಿ ಸೊಸೆಯ ಮಾತಿಗೆ ಎಷ್ಟು ಬೆಲೆ ಎಂದು ಅವಳಿಗೆ ಗೊತ್ತಿತ್ತು. ಮದುವೆ ನಿಶ್ಚಯವಾಯಿತು.

ನಮ್ಮವರಲ್ಲಿ ಒಂದು ಶಾಸ್ತ್ರವಿತ್ತು. ಮದುವೆ ಹೆಣ್ಣಿನ ಕಾಲುಂಗುರದ ಮೇಣ ಇಳಿಸುವಾಗ ಗಂಡಿನ ಕಡೆಯ ಹಿರಿಯ ಹೆಂಗಸು ಬಂದು ಎದುರಿಗೆ ಕೂರಬೇಕು. ಮೇಣ ಒಂದೇ ಸಮನೆ ಇಳಿದರೆ ಹುಡುಗಿ ಹೊಸ ಮನೆಗೆ ಹಾಗೇ ಹೊಂದಿಕೊಳ್ಳುತ್ತಾಳೆ ಎಂದು ನಂಬಿಕೆ. ಅದಕ್ಕೆ ಕೆಲವು ದಿನ ಮುಂಚೆ ಅವ್ವ ಕಾಲುಂಗುರ ತಿದ್ದಲು ಕೂತಳು. ಮದುವೆ ಮೇಣ ತರುತ್ತೇನೆಂದು ಒಳಗೆ ಹೋಗಿ, ಉಗುರು ಬೆಚ್ಚಗಿನ ನೀರಿನಲ್ಲಿ ಮೆತ್ತಗೆ ಮಾಡಿ ತಂದುಕೊಟ್ಟವಳು ಅತ್ತೆಯೇ. ಅವ್ವ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ಮಣೆ ಎಳೆದುಕೊಂಡು ತಿದ್ದಲು ಶುರುಮಾಡಿದಳು. ಮಧ್ಯಾಹ್ನ ಉಣ್ಣಿಸುವಾಗ ನಾನು ಮುಖ ಸಿಂಡರಿಸಿದೆ. ಮದುವೆ ಕೆಲಸದ ದಿನ ಸಿಹಿಯಾದ ಕೈತುತ್ತು ಸಿಗುತ್ತದೆಂದು ಕಾದಿದ್ದವಳು ನಾನು.

"ಅವ್ವ, ಕೈ ಕಹಿ."

"ಸುಮ್ನೆ ತಿನ್ನು," ಎಂದಳು.

ಮೇಣ ಇಳಿಸುವ ದಿನ ಕವಲಂದೆಯಿಂದ ಗಂಡಿನ ತಾಯಿ ಬಂದಳು. ಹಿತ್ತಲಲ್ಲಿ ಚಾಪೆ ಹಾಸಿ, ಎಲೆಅಡಿಕೆ ತಟ್ಟೆ ಇಟ್ಟು, ಅಜ್ಜಿ ಅವಳ ಪಕ್ಕ ಕೂತಳು. ಅಪ್ಪ ಇಕ್ಕುಳದಲ್ಲಿ ಮಣ್ಣುಂಡೆ ಹಿಡಿದು ಕೆಂಡದ ಅಂಚಿನಲ್ಲಿ ಬೋರಲು ಮಾಡಿದ. ಮೇಣ ಇಳಿಯತೊಡಗಿತು, ಎಲ್ಲೂ ತಡೆಯದೆ, ಒಂದೇ ಸಮನೆ. ಅಜ್ಜಿ ನಗುಮುಖ ಮಾಡಿ ಬೀಗಿತ್ತಿಯ ಕಡೆ ತಿರುಗಿದಳು. ಅಷ್ಟರಲ್ಲಿ ಹೊಗೆ ಎದ್ದಿತು. ಕೆಂಡಕ್ಕೆ ಬಿದ್ದ ಒಂದೆರಡು ತೊಟ್ಟು ಸಾಕಾಯಿತು. ಹಿತ್ತಲೆಲ್ಲ ಬೇವಿನೆಣ್ಣೆ ವಾಸನೆ. ಕವಲಂದೆಯ ಹೆಂಗಸಿಗೂ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಮನೆಯಲ್ಲೂ ಎರಡು ಮೇಣ ಇದ್ದವು.

"ಇದೇನು, ನನ್ ಸೊಸೆ ಕಾಲ್ಗೆ ಕಾಯ್ಲೆ ಮೇಣ ಮೆತ್ತಿದ್ದೀರಾ?" ಎಂದಳು. ದನಿ ಏರಿಸಲಿಲ್ಲ. "ಒಂದು ಸೊಸೇನ ಮಣ್ಣು ಮಾಡಿ ಬಂದಿವ್ನಿ. ಇನ್ನೊಂದು ನಂಗೆ ತಡಿಯಲ್ಲ."

ಎಲೆಅಡಿಕೆ ಮುಟ್ಟದೆ ಎದ್ದುಹೋದಳು. ಅಜ್ಜಿ ಹಿಂದೆಯೇ ಬೀದಿಯವರೆಗೆ ಓಡಿ, ಬರಿಗೈಯಲ್ಲಿ ವಾಪಸು ಬಂದಳು. ಬಂದವಳು ನೆಲದ ಮೇಲೆ ಕೂತು, ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು.

"ಯಾರು ಮಾಡುದ್ರು ಇದ?"

ಅತ್ತೆ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿಬಿಟ್ಟಳು.

"ನಾನೇ ಕಣತ್ತೆ. ಕೈ ತಪ್ಪೋಯ್ತು. ಕುಡಿಕೇದು ತಕ್ಕೊಂಡ್ಬುಟ್ಟೆ."

ಅಪ್ಪ ಕುಲುಮೆಯ ಕಡೆ ತಿರುಗಿದ. ಬೆಳ್ಳಿ ಕರಗಿ ಕೂತಿತ್ತು, ಅಚ್ಚು ಕಾದಿತ್ತು, ಎರೆಯದೆ ಬಿಡುವ ಹಾಗಿರಲಿಲ್ಲ. ಎರೆದ. ಆರಿದ ಮೇಲೆ ಒಡೆದು ನೋಡಿದರೆ, ಒಂದು ಸೂಜಿಮೊನೆಯಷ್ಟು ತೂತಿಲ್ಲದೆ ತುಂಬಿದ ಕಾಲುಂಗುರ. ಅಂಥ ಎರಕ ಅಪ್ಪನ ಕೈಯಲ್ಲಿ ಮತ್ತೆ ಬರಲಿಲ್ಲವೆಂದು ಅವನೇ ಆಮೇಲೆ ಹೇಳುತ್ತಿದ್ದ. ಅದನ್ನು ಕರಗಿಸಿ ಮುಡುಕುತೊರೆಯ ಕಡೆಯ ಯಾರದೋ ಹರಕೆಯ ಕೈಗೆ ಹಾಕಿದ.

ಅಜ್ಜಿಯನ್ನು ಕೆಟ್ಟವಳೆಂದು ಬರೆಯಲು ನನಗೆ ಮನಸ್ಸಿಲ್ಲ. ಅವಳಿಗೆ ಮಗಳ ಮದುವೆಯೇ ಜೀವವಾಗಿತ್ತು, ಅದು ಕಣ್ಣೆದುರಿಗೇ ಹೊಗೆಯಾಯಿತು. ಆದರೆ ಅವಳು ಕೊಟ್ಟ ಶಿಕ್ಷೆ ಸಣ್ಣದಲ್ಲ. ಅವ್ವನ ಕೈಯಿಂದ ಊಟ ಹಾಕಿಸಿಕೊಳ್ಳುವುದನ್ನು ಬಿಟ್ಟಳು. ಅತ್ತೆ ಬಡಿಸಿದರೆ ಮಾತ್ರ ಉಣ್ಣುತ್ತಿದ್ದಳು. ಅವ್ವ ಬೇಯಿಸಿದ್ದನ್ನು ಅತ್ತೆ ಬಡಿಸುತ್ತಿದ್ದಳು. ದೇವರ ಗೂಡಿನ ಭರಣಿಯನ್ನು ಅವ್ವ ಮುಟ್ಟಬಾರದೆಂದು ಕಟ್ಟಪ್ಪಣೆಯಾಯಿತು. ಮುಟ್ಟುವ ಅಗತ್ಯವೂ ಬರಲಿಲ್ಲ. ಕವಲಂದೆಯವರು ಸುಮ್ಮನಿರಲಿಲ್ಲ. ನಮ್ಮ ಮನೆಯಲ್ಲಿ ಮೇಣ ಬೆರೆಸುತ್ತಾರೆ ಎಂಬ ಮಾತು ಹಬ್ಬಿ, ಮದುವೆ ಕೆಲಸ ಬರುವುದು ನಿಂತೇಹೋಯಿತು. ಬರುತ್ತಿದ್ದದ್ದು ಹರಕೆಯವರು ಮಾತ್ರ. ಮಂಡಿ, ಬೆನ್ನು, ಕಣ್ಣು, ಬಸಿರು ನಿಲ್ಲದ ಹೊಟ್ಟೆ. ಅವ್ವನ ಪಾಲಿಗೆ ಅಳದವರು ಬರುವ ದಿನವೇ ಇಲ್ಲವಾಯಿತು. ನನಗೆ ಸಿಹಿಯಾದ ಕೈತುತ್ತೂ ಇಲ್ಲವಾಯಿತು. ಅತ್ತೆಗೆ ಮತ್ತೆ ಸಂಬಂಧ ಬರಲಿಲ್ಲ. ಬೆಳಿಗ್ಗೆ ಎದ್ದು ಅವ್ವನ ಎದುರಿಗೆ ಮಣ್ಣು ಹಿಡಿದು ಕೂರುತ್ತಿದ್ದಳು. ಒಬ್ಬಳು ಮೇಣ ತಿದ್ದುವುದು, ಇನ್ನೊಬ್ಬಳು ಮಣ್ಣು ಬಳಿಯುವುದು. ಇಬ್ಬರ ನಡುವೆ ಮಾತು ಹೆಚ್ಚಿರಲಿಲ್ಲ. ಅವ್ವನ ಕೈತಪ್ಪಿನಿಂದ ಅತ್ತೆಯ ಬಾಳು ಹಾಳಾಯಿತು ಎಂದು ಬೀದಿಯವರು ಹೇಳುತ್ತಿದ್ದರು. ನಾನೂ ನಂಬಿದ್ದೆ. ಅವ್ವನ ಮೇಲೆ ಸಣ್ಣ ಸಿಟ್ಟು ಇಟ್ಟುಕೊಂಡೇ ದೊಡ್ಡವಳಾದೆ.

ಅಜ್ಜಿ ಹೋದಳು, ಅಪ್ಪ ಹೋದ. ನಾನು ಮದುವೆಯಾಗಿ ನಂಜನಗೂಡಿಗೆ ಬಂದೆ. ನನ್ನ ಗಂಡ ತೀರಿಕೊಂಡ ಮೇಲೆ ಅವ್ವನನ್ನೂ ಅತ್ತೆಯನ್ನೂ ಇಲ್ಲಿಗೇ ಕರೆಸಿಕೊಂಡೆ. ಮಣೆ, ಮೂಸೆ, ಇಕ್ಕುಳ, ಕುಡಿಕೆ, ಭರಣಿ ಎಲ್ಲ ಅವರ ಜೊತೆಗೇ ಬಂದವು. ಅವ್ವನಿಗೆ ಈಗ ಕಣ್ಣು ಕಾಣುವುದಿಲ್ಲ. ನರ ಒಣಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದರು ಡಾಕ್ಟರು. ನಾನೇ ಚೀಟಿ ಬರೆಸಿದೆ, ಎಲ್ಲಿ ನೋವು ಎಂದರೆ ನೋವಿಲ್ಲ ಎಂದಳು. ಅವಳನ್ನು ಎಬ್ಬಿಸುವುದು, ಕೂರಿಸುವುದು, ಉಣ್ಣಿಸುವುದು ನನ್ನ ಕೆಲಸ. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ.

ಮೊನ್ನೆ ರುಕ್ಮಣಿ ಅತ್ತೆ ಹಿತ್ತಲಲ್ಲಿ ಹಳೆಯ ಇದ್ದಿಲೊಲೆ ಹೂಡಿದಳು. ಏನೆಂದು ಕೇಳಿದರೆ, ಅತ್ತಿಗೆಗೆ ಕಣ್ಣಿನ ಹರಕೆ ಹೊತ್ತಿದ್ದೇನೆ, ನಂಜುಂಡಪ್ಪ ಇಲ್ಲೇ ಇದ್ದಾನಲ್ಲ ಎಂದಳು. ನನ್ನ ಹಳೆಯ ಕಾಲುಚೈನು ಇಸಿದುಕೊಂಡಳು. ಇದ್ದಿಲು ಕುಟ್ಟಲು, ಕುಡಿಕೆಯ ಮೇಣವನ್ನು ಕರಗಿಸಿ ಸೋಸಿಡಲು ನನಗೆ ಹೇಳಿದಳು. ಅದನ್ನು ಹದ ಮಾಡಿ ಕೊಟ್ಟರೆ ಪಕ್ಕಕ್ಕಿಟ್ಟು, ಭರಣಿಯ ಮುಚ್ಚಳ ತೆಗೆದಳು. ಅವಳ ಕಾಲುಂಗುರಕ್ಕೆಂದು ಇಟ್ಟ ಮೇಣ ಅದು, ಆವತ್ತಿನಿಂದ ಯಾರೂ ಮುಟ್ಟಿರಲಿಲ್ಲ. ಬಾಗಿಲ ಪಕ್ಕದ ಮಂಚದ ಮೇಲಿಂದ ಅವ್ವ ಮೂಗರಳಿಸಿದಳು.

"ಯಾಕೆ ರುಕ್ಮಣಿ, ಮದ್ವೆ ಮೇಣ ತಗ್ದೆ? ಕಣ್ಗೆ ಕುಡಿಕೇದಲ್ವಾ?"

"ಕಾಯ್ಲೇದು ಮದ್ವೆಗೆ ಸೇರ್ಬಾರ್ದು ಅಂತಿದ್ಲು ನಮ್ಮವ್ವ. ಮದ್ವೇದು ಕಾಯ್ಲೆಗೆ ಸೇರ್ಬಾರ್ದು ಅಂತ ಯಾವಾಗ ಹೇಳಿದ್ಲು?"

ಅವ್ವ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಅತ್ತೆ ಮೇಣವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡತೊಡಗಿದಳು. ಆಮೇಲೆ ತೀರ ಮೆಲ್ಲಗೆ ಕೇಳಿದಳು.

"ಅತ್ತಿಗೆ, ಅಷ್ಟ್ ದೂರ್ದಿಂದ ನಿಂಗೆ ವಾಸ್ನೆ ಗೊತ್ತಾಯ್ತದೆ. ಅವತ್ತು ಅಂಗೈಲಿ ಇಟ್ಕೊಂಡಿದ್ದೆಯಲ್ಲ. ಗೊತ್ತಾಗ್ಲಿಲ್ವಾ?"

"ಗೊತ್ತಾಗ್ದೆ ಏನು."

"ನಾನೇ ಕುಡಿಕೇದು ತಂದ್ಕೊಟ್ಟಿದ್ದು."

"ಅದೂ ಗೊತ್ತು. ನಿನ್ ಕೈಯೂ ನಾರ್ತಿತ್ತು."

ನಾನು ಇದ್ದಿಲು ಕುಟ್ಟುವುದನ್ನು ನಿಲ್ಲಿಸಿದೆ. ಆ ಮಧ್ಯಾಹ್ನದ ಕಹಿ ತುತ್ತು ನೆನಪಾಯಿತು. ಅವ್ವನ ಕೈ ತಪ್ಪಿರಲೇ ಇಲ್ಲ.

"ಗೊತ್ತಿದ್ದೂ ತಿದ್ದಿದ್ಯಾ? ನನ್ಗೋಸ್ಕರ ಆ ಮಾತೆಲ್ಲ ಹೊತ್ಕೊಂಡ್ಯಾ ಅತ್ತಿಗೆ?" ಎಂದಳು ಅತ್ತೆ. ಇಷ್ಟು ವರ್ಷ ಅವಳು ಈ ಋಣವನ್ನು ಎದೆಯಲ್ಲಿ ಇಟ್ಟುಕೊಂಡು ಮಣ್ಣು ಬಳಿದಿದ್ದಳು.

ಅವ್ವ ಗೋಡೆಯ ಕಡೆ ಮುಖ ಮಾಡಿಯೇ ಹೇಳಿದಳು.

"ನಿನ್ಗೋಸ್ಕರ ಅಂತ ಯಾರು ಹೇಳುದ್ರು? ನೀನು ಓಗ್ಬುಟ್ಟಿದ್ರೆ ಆ ಮನೇಲಿ ನಾನೊಬ್ಳೇ ಆಗ್ತಿದ್ದೆ ಕಣೆ. ನಿಮ್ಮವ್ವ, ಆ ಒಲೆ, ಆ ಅಳೋ ಜನ. ನಾನೊಬ್ಳೇ. ನಂಗೆ ಭಯ ಆಯ್ತು. ಅದ್ಕೆ ತಿದ್ದಿದೆ."

ತನ್ನನ್ನು ಬಿಡಿಸಿದಳೆಂದು ಅತ್ತೆ ತಿಳಿದಿದ್ದ ಅತ್ತಿಗೆ, ಅವಳನ್ನು ತನ್ನ ಹತ್ತಿರವೇ ಇರಿಸಿಕೊಂಡಿದ್ದಳು. ಸಿಟ್ಟು ಬರಬೇಕಿತ್ತೇನೋ, ಬರುವಷ್ಟು ಶಕ್ತಿ ಇಬ್ಬರಲ್ಲೂ ಉಳಿದಿರಲಿಲ್ಲ. ಸೆರಗಿನಲ್ಲಿ ಮೂಗೊರೆಸಿಕೊಂಡು ಅತ್ತೆ ಎರಡು ಕಣ್ಣು ತಿದ್ದಿದಳು, ತಂದು ಅವ್ವನ ಬೆರಳಿಗೆ ಕೊಟ್ಟಳು. ಅವ್ವ ತಡವಿ ನೋಡಿ, ಎಡಗಣ್ಣಿನ ರೆಪ್ಪೆ ದಪ್ಪವಾಯಿತು, ಸವರು ಎಂದಳು. ಅತ್ತೆ ಸವರಿದಳು. ಗೀರು ಎಲ್ಲಿ ಒತ್ತಲಿ ಎಂದರೆ, ನೋವಿಲ್ಲವಲ್ಲ, ಬೇಡ ಎಂದಳು ಅವ್ವ.

ಮಣ್ಣು ಒಣಗಿ, ಮೇಣ ಇಳಿಸಿ, ಬೆಳ್ಳಿ ಎರೆದಿದ್ದು ನಿನ್ನೆ. ಬಲಗಣ್ಣಿನ ಅಂಚು ಸ್ವಲ್ಪ ತುಂಬಿಲ್ಲ. ಬೋಗುಣಿಯ ನೀರಿನ ಮೇಲೆ ತೇಲುತ್ತಿದ್ದ ಮೇಣವನ್ನು ಅತ್ತೆ ಬಳಿದುಕೊಂಡು, ಅಭ್ಯಾಸಬಲದಿಂದ ನಿಂತಳು.

"ಅತ್ತಿಗೆ, ಇದ ಯಾವುದಕ್ಕೆ ಹಾಕ್ಲಿ ಈಗ?"

"ಎಲ್ಲ ಒಂದಕ್ಕೇ ಹಾಕು. ಸಾಕಾಯ್ತು."

ಕುಡಿಕೆಯದನ್ನೂ ಭರಣಿಯದನ್ನೂ ಒಟ್ಟಿಗೆ ಕರಗಿಸಿ, ಕೈಯಲ್ಲಿ ನಾದಿ ಒಂದೇ ಮುದ್ದೆ ಮಾಡಿದವಳು ನಾನು. ಸೋಪು ಹಾಕಿ ಎರಡೆರಡು ಸಲ ತೊಳೆದುಕೊಂಡೇ ಅವ್ವನಿಗೆ ಅನ್ನ ಕಲಸಿದೆ. ಮೊದಲ ತುತ್ತಿಗೇ ಅವಳು ಮುಖ ಸಿಂಡರಿಸಿದಳು.

"ಕೈ ಕಹಿ ಕಣೆ."

"ಸುಮ್ನೆ ತಿನ್ನವ್ವ," ಎಂದೆ.

ತಿಂದಳು.